ಒಂಟಿ ಎಂಜಿನ್ನಿನ ಮೇಷ್ಟ್ರು

ಎರಡು ಕೈಯಲ್ಲೂ ಭಾರದ ಚೀಲವಿದ್ದರೆ ಸರಸರನೆ ನಡೆಯುವ, ಕೈ ಬರಿದಾದೊಡನೆ ಅಳೆದೂ ಸುರಿದೂ ಹೆಜ್ಜೆಯಿಡುವ ಮನುಷ್ಯರನ್ನು ನೀವು ಕಂಡಿರಲಾರಿರಿ. ರೈಲು ಚಾಲಕರ ತರಬೇತಿ ಶಾಲೆಯ ಮೇಷ್ಟ್ರು ಅಂಥವರು. ಮೂವತ್ತನಾಲ್ಕು ವರ್ಷ ರೈಲು ಓಡಿಸಿ ನಿವೃತ್ತರಾದ ಮೇಲೆ, ಮೊಣಕೈ ಸವೆದ ಕಂದು ಕೋಟನ್ನೂ ಆ ವಿಚಿತ್ರ ನಡಿಗೆಯನ್ನೂ ಜತೆಗೇ ತಂದು, ಅವರು ಕೃತಕ ರೈಲಿನ ಕೋಣೆಯಲ್ಲಿ ಪಾಠಕ್ಕೆ ನಿಂತಿದ್ದರು. ಕೃತಕ ರೈಲೆಂದರೆ ಹಳಿಯಿಲ್ಲದ, ಒಂದಿಂಚೂ ಮುಂದೆ ಹೋಗದ ಎಂಜಿನ್ ಕೋಣೆ: ಕಿಟಕಿಯ ಜಾಗದಲ್ಲಿ ಪರದೆ, ಪರದೆಯ ಮೇಲೆ ಓಡಿಬರುವ ಹಳಿ, ಕೂತವರ ಕೆಳಗೆ ಅದುರುವ ಕುರ್ಚಿ. ಪ್ರಯಾಣವಿಲ್ಲದ ಪ್ರಯಾಸವೆಂದು ಕಲಿಯುವವರು ಅದನ್ನು ಹಾಸ್ಯ ಮಾಡುತ್ತಿದ್ದರು. ಮಾತುಮಾತಿಗೂ 'ಮೆಲ್ಲಗೆ, ಮೆಲ್ಲಗೆ' ಎನ್ನುವ ಮೇಷ್ಟ್ರಿಗೆ ಅವರಿಟ್ಟ ಹೆಸರು ಮೆಲ್ಲಪ್ಪ. ಅದು ಕಿವಿಗೆ ಬಿದ್ದ ದಿನ ಮೇಷ್ಟ್ರು, "ಮಲ್ಲಪ್ಪ ಅಂದಿದ್ರೆ ಕುಸ್ತಿಗೆ ಕರೀತಿದ್ರು; ಮೆಲ್ಲಪ್ಪಾನೇ ವಾಸಿ" ಎಂದು ಕೋಟು ಕೊಡವಿಕೊಂಡರಂತೆ.

ಎಂಜಿನ್ ಹೊರಡುವ ಮೊದಲು ಅವರದೊಂದು ಪ್ರಶ್ನೆ ತಪ್ಪುತ್ತಿರಲಿಲ್ಲ: "ಹಿಂದೆ ಯಾರಿದ್ದಾರೆ?" ಹದಿನೆಂಟು ಡಬ್ಬಿ ಎಂದರೆ ಸರಿ. "ಯಾರೂ ಇಲ್ಲ, ಬರೀ ಎಂಜಿನ್" ಎಂದರೋ, ಮೇಷ್ಟ್ರ ತೋರುಬೆರಳು ವೇಗದ ಮುಳ್ಳಿನ ಎದುರು ಎಪ್ಪತ್ತರ ಗೆರೆಯ ಮೇಲೆ ಊರಿಬಿಡುತ್ತಿತ್ತು. ರೈಲನ್ನು ಕಟ್ಟಿಕೊಂಡು ನೂರಹತ್ತರಲ್ಲಿ ಓಡುವ ಎಂಜಿನ್ನು ಒಂಟಿಯಾದರೆ ಎಪ್ಪತ್ತು ಮೀರಬಾರದೆಂಬುದು ಅವರ ಕಾಲದ ಕಟ್ಟಳೆ. ಡಬ್ಬಿಗಳೆಂದರೆ ಬರೀ ಹೊರೆಯಲ್ಲ. ಒಂದೊಂದಕ್ಕೂ ಅದರದೇ ಬ್ರೇಕುಂಟು, ನಿಲ್ಲಬೇಕಾದಾಗ ಅವೆಲ್ಲ ಸೇರಿ ಹಿಂದಿನಿಂದ ಹಿಡಿಯುತ್ತವೆ. ಡಬ್ಬಿ ಕಳಚಿದ ಎಂಜಿನ್ನು ಓಡುವುದಕ್ಕೆ ಹಗುರ, ನಿಲ್ಲುವುದಕ್ಕೆ ಹಟಮಾರಿ.

ಈ ಕೃತಕ ಓಟವನ್ನೆಲ್ಲ ಲೆಕ್ಕವಾಗಿ ಬರೆದು ಯಂತ್ರಕ್ಕೆ ತುಂಬಿದವಳು ನಲವತ್ತು ದಾಟಿದ ಒಬ್ಬ ಎಂಜಿನಿಯರ್. ಮೇಷ್ಟ್ರ ಬಾಯಲ್ಲಿ 'ಲೆಕ್ಕದಮ್ಮ'. ಎರಡು ವರ್ಷ ಮನೆಮಠ ಮರೆತು ಅವಳು ಕಟ್ಟಿದ ಯಂತ್ರದ ಪ್ರತಿಗಳು ಸೋಮವಾರ ಇನ್ನೂ ನಾಲ್ಕು ಶಾಲೆಗಳಿಗೆ ಹೊರಡಬೇಕಿತ್ತು. ಹೊರಡಬೇಕಾದರೆ ಮೇಷ್ಟ್ರ ರುಜು ಬೇಕಿತ್ತು. ಶುಕ್ರವಾರ ಮಧ್ಯಾಹ್ನ ಅವಳು ಕಾಗದಗಳನ್ನು ಮುಂದಿಟ್ಟಾಗ ಮೇಷ್ಟ್ರು ಓದುತ್ತ ಓದುತ್ತ ಒಂದು ಸಾಲಿನಲ್ಲಿ ಗಕ್ಕನೆ ನಿಂತರು.

"ಇದೇನಮ್ಮ, ಒಂಟಿಗೆ ನೂರಹತ್ತು?"

"ಲೆಕ್ಕ ನೋಡಿ ಮೇಷ್ಟ್ರೇ. ಭಾರ ಕಮ್ಮಿ, ರೈಲಿಗಿಂತ ಅರ್ಧ ದೂರದಲ್ಲೇ ನಿಲ್ಲುತ್ತೆ. ನಿಮ್ಮ ಎಪ್ಪತ್ತು ಹಳೇದು."

"ನಾನೂ ಹಳಬನೇ. ಒಂದ್ಸಲ ಓಡಿಸ್ಲಾ?"

ಕೂತರು. ನೂರಹತ್ತಕ್ಕೆ ಏರಿಸಿದರು. ದೂರದಲ್ಲಿ ಕೆಂಪು ದೀಪ ಕಂಡೊಡನೆ ಬ್ರೇಕು ಹಾಕಿದರು. ಎಂಜಿನ್ನು ದೀಪಕ್ಕೆ ಎಷ್ಟೋ ಮೊದಲೇ ವಿಧೇಯವಾಗಿ ನಿಂತಿತು.

"ನಿಂತಿತಲ್ಲ!" ಎಂದಳು ಅವಳು.

"ನಿಂತಿತು. ಆದ್ರೆ ಇದು ಒಂಟಿ ಅಲ್ಲಮ್ಮ. ಹಿಂದಿನಿಂದ ಯಾರೋ ಸೊಂಟ ಹಿಡ್ಕೊಂಡ ಹಾಗಾಯ್ತು."

"ಯಾರೂ ಇಲ್ಲ ಮೇಷ್ಟ್ರೇ, ಡಬ್ಬಿ ಕಳಚಿದ್ದು ನಾನೇ."

"ಇನ್ನೊಂದ್ಸಲ ನೋಡ್ಬಿಡಿ. ನಾನು ಇಲ್ಲೇ ಕೂತಿರ್ತೀನಿ. ಎಲ್ಲಿಗೂ ಹೋಗೋ ಗಾಡಿ ಅಲ್ವಲ್ಲ ಇದು."

ಅವಳಿಗೆ ಮೈಯೆಲ್ಲ ಉರಿಯಿತು. ಕುರ್ಚಿಯ ಅದುರನ್ನೂ ಬರೆದವಳು ತಾನು. ಆ ಕುರ್ಚಿ ತನಗೆ ಹೇಳದ್ದನ್ನು ಈ ಮನುಷ್ಯನಿಗೆ ಹೇಳುವುದುಂಟೆ? ಅವರ ಮಾತು ಸುಳ್ಳೆಂದು ತೋರಿಸುವ ಹಟದಲ್ಲೇ ಸಾಲುಸಾಲಾಗಿ ಲೆಕ್ಕವನ್ನು ಕೆದಕುತ್ತ ಹೋದವಳ ಕೈ, ನಾಲ್ಕೂವರೆಯ ಹೊತ್ತಿಗೆ ಒಂದು ಸಾಲಿನ ಮೇಲೆ ನಿಂತಿತು. ಹದಿನೆಂಟು ಡಬ್ಬಿಗಳನ್ನು ಅವಳು ಕಳಚಿದ್ದಳು, ಅವುಗಳ ಭಾರವನ್ನೂ ಕಳೆದಿದ್ದಳು. ಅವುಗಳ ಬ್ರೇಕುಗಳನ್ನು ಮಾತ್ರ ಕಳೆಯಲು ಮರೆತಿದ್ದಳು. ಇಲ್ಲದ ಡಬ್ಬಿಗಳು ದೆವ್ವಗಳಂತೆ ಹಿಂದೆ ಜೋತುಬಿದ್ದು ಎಂಜಿನ್ನನ್ನು ನಿಲ್ಲಿಸುತ್ತಿದ್ದವು. ತಿದ್ದಿ ಮತ್ತೆ ಓಡಿಸಿದರೆ, ಮೇಷ್ಟ್ರು ಬ್ರೇಕನ್ನು ಪೂರ್ತಿ ಹಾಕಿದ್ದರೂ ಕೆಂಪು ದೀಪ ಸರ್ರನೆ ಪಕ್ಕದಲ್ಲಿ ಸರಿದುಹೋಯಿತು, ಮುಂದೆ ನಿಂತಿದ್ದ ಇನ್ನೊಂದು ರೈಲಿನ ಬೆನ್ನು ಪರದೆಯ ತುಂಬ ಬೆಳೆಯಿತು. ಹಿಂದೆ ನಿಂತು ನೋಡುತ್ತಿದ್ದ ಅವಳ ಕಾಲು ತನಗೇ ತಿಳಿಯದೆ ಬರಿಯ ನೆಲವನ್ನು ಒತ್ತಿ ತುಳಿಯಿತು. ನಾಲ್ಕು ಶಾಲೆಗಳಲ್ಲಿ ಎಷ್ಟು ಕೈಗಳು ಈ ಸುಳ್ಳನ್ನು ನಂಬಿ ನಿಜವಾದ ಹಳಿಗೆ ಇಳಿಯುತ್ತಿದ್ದವೋ.

"ನಿಮಗೆ ಹೇಗೆ ಗೊತ್ತಾಯ್ತು?" ಎಂದಳು, ದನಿ ಇಳಿಸಿ.

"ಮೂವತ್ತನಾಲ್ಕು ವರ್ಷ ಕೂತವನಮ್ಮ. ತಲೆಗಿಂತ ಮೊದಲು ಬೆನ್ನಿಗೆ ಗೊತ್ತಾಗುತ್ತೆ."

ಐದಕ್ಕೆ ನಿರ್ದೇಶಕರು ಬಾಗಿಲಲ್ಲಿ ನಿಂತರು. "ರುಜು ಆಯ್ತಾ?"

"ಎರಡು ವಾರ ಆಗುತ್ತೆ ಸಾರ್," ಎಂದರು ಮೇಷ್ಟ್ರು.

"ಎರಡು ವಾರ! ಯಾರ ಎಡವಟ್ಟು ಇದು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಎಡವಟ್ಟು ಹುಡುಕಿ ತೆಗೆದಿದ್ದು ಈಯಮ್ಮ ಸಾರ್. ನಾನು ಸುಮ್ನೆ ಕೂತಿದ್ದೆ, ಅಷ್ಟೇ" ಎಂದರು. ಅಕ್ಷರಶಃ ನಿಜವಾದ ಆ ಮಾತಿನಲ್ಲಿ ಸಿಟ್ಟಿಗೆ ಹಿಡಿಯಲು ಹಿಡಿಕೆಯೇ ಸಿಗದೆ ನಿರ್ದೇಶಕರು ಬಂದ ದಾರಿ ಹಿಡಿದರು. ಧನ್ಯವಾದ ಎಂಬ ಪದ ಅವಳಿಗೆ ಆಗ ತೀರ ಮದುವೆಯ ಕಾಗದದ ಪದದಂತೆ ಕಂಡಿತು. ಸುಮ್ಮನೆ ಅವರ ನೀರಿನ ಲೋಟ ತುಂಬಿಸಿ ತಂದಿಟ್ಟಳು.

ಎರಡು ವಾರದ ಮೇಲೆ, ತಿದ್ದಿದ ಲೆಕ್ಕ ಒಂಟಿ ಎಂಜಿನ್ನಿಗೆ ಕೊಟ್ಟ ಮಿತಿ ಅರವತ್ತೆಂಟು. "ಅಯ್ಯೋ, ಎರಡು ಜಾಸ್ತೀನೇ ಓಡಿಸಿಬಿಟ್ಟಿದ್ದೀನಲ್ಲ ಇಷ್ಟು ವರ್ಷ" ಎಂದು ಮೇಷ್ಟ್ರು ಕೊಂಚ ನಾಚಿಕೊಂಡೇ ರುಜು ಹಾಕಿದರು.

ಪ್ರತಿ ಕಸುಬಿನಲ್ಲೂ ಇಂಥವರು ಒಬ್ಬಿಬ್ಬರಿರುತ್ತಾರೆ: ಕಾಗದದ ಮೇಲೆ ಸರಿಯಾಗಿ ಕಂಡದ್ದನ್ನು ಮೈಯಿಂದ ಸಂದೇಹಿಸುವವರು, ಸಂದೇಹ ನಿಜವಾದಾಗ ಗೆದ್ದ ಮುಖ ಮಾಡದವರು. ಅವರ ಉಪಕಾರವನ್ನು ಎತ್ತಿ ತೋರಿಸುವುದೂ ಕಷ್ಟ, ಏಕೆಂದರೆ ಅವರಿಂದಾಗಿ ನಡೆಯದೆ ಹೋದ ಅನಾಹುತಕ್ಕೆ ತಾರೀಖಿಲ್ಲ, ವರದಿಯಿಲ್ಲ, ಗಾಯಗೊಂಡವರ ಪಟ್ಟಿಯಿಲ್ಲ. ಆ ಪಟ್ಟಿಯಲ್ಲಿರಬೇಕಾಗಿದ್ದವರೆಲ್ಲ ಎಂದಿನಂತೆ ಮನೆ ಸೇರಿ, ಇವತ್ತೂ ರೈಲು ಹತ್ತು ನಿಮಿಷ ತಡವೆಂದು ಗೊಣಗುತ್ತ, ಬಾಗಿಲಲ್ಲಿ ಚಪ್ಪಲಿ ಕಳಚುತ್ತಿರುತ್ತಾರೆ.