ಸುರಗಿಯ ನೂಲು

ನೂಲು ಮೊಣಕೈಗೆ ತಾಗಿಕೊಂಡು ಹೋಯಿತು, ಒದ್ದೆ, ತಣ್ಣಗೆ, ಅರಿಶಿಣದ ವಾಸನೆ — ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ತಂಬಿಗೆಗಳ ಕೊರಳಿಗೆ ಮುತ್ತೈದೆಯರು ಸುತ್ತುತ್ತಿರುವ ಬಿಳಿ ನೂಲು, ನಡುವೆ ಮಣೆಯ ಮೇಲೆ ಮದುಮಗ ನಮ್ಮ ಸಂಜು ಅಣ್ಣ, ಅವನ ಪಕ್ಕ ಕಳಸಗಿತ್ತಿಯಾಗಿ ನಾನು, ಹರೀಬಾರದು ನೋಡ್ರಿ, ಸಾವಕಾಶ, ಅನ್ನುತ್ತಿದ್ದಾಳೆ ಕಲ್ಲವ್ವತ್ತಿ, ಅಪ್ಪನ ಅಕ್ಕ, ಸುರಗಿ ಸುತ್ತಿ ನೀರು ಹಾಕಿದರೆ ಮುಗಿಯಿತು, ಮದುಮಗ ಇನ್ನೆಲ್ಲಿಗೂ ಹೋಗುವಂತಿಲ್ಲ, ದಿಬ್ಬಣದ ಬಸ್ಸಿಗಷ್ಟೇ, ಬಸ್ಸು ಕೆಳಗೆ ಪುಣೆಯ ಕೊಂಢವಾದ ಗಲ್ಲಿಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ, ಬಾಗಲಕೋಟೆಯಲ್ಲಿ ಮದುಮಗಳು ಶೈಲಶ್ರೀಗೂ ಈಗ ಅರಿಶಿಣ ಹಚ್ಚುತ್ತಿರಬೇಕು, ಕೈಗೆ, ಕೆನ್ನೆಗೆ, ಆ ಹುಡುಗಿಗೆ ಏನೂ ಗೊತ್ತಿಲ್ಲ, ನಾನು ಹೇಳಬೇಕು, ಹೇಳಬೇಕಾದದ್ದು ಒಂದೇ ಮಾತು, ರಾತ್ರಿಯಿಂದ ನಾಲಿಗೆಯ ಮೇಲೆ ಕೂತಿದೆ, ಇಳಿಯುತ್ತಿಲ್ಲ — ನಿನ್ನೆ ಸಂಜೆ ಇದೇ ಗಚ್ಚಿಯ ಮೇಲೆ ಅಣ್ಣ ಹೇಳಿದ್ದು, ನೀರಿನ ಟಾಕಿಯ ಹಿಂದೆ, ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ, ರೇಣು, ನನಗ ಎಚ್ಐವಿ ಅದ, ಅಂದ, ಮಳೆ ಬರೋ ಹಂಗ ಅದ ಅನ್ನುವವರ ಹಾಗೆ, ಅವ್ವನ ಸೀರೆಯನ್ನು ನಾನು ಮಡಚುತ್ತಲೇ ಇದ್ದೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ, ಬಾಬು ಹೋದಮ್ಯಾಲೆ ರಕ್ತ ತಪಾಸಣಿ ಮಾಡಿಸಿದೆ, ಅವಗ ಬರೇ ಟೀಬಿ ಇರಲಿಲ್ಲ, ಅಂದ. ಬಾಬು, ಅಣ್ಣನ ಗೆಳೆಯ, ನಮ್ಮ ಮನೆಯ ರೊಟ್ಟಿ ತಿಂದು ಕಾಕೂ, ನೀವ ನನ್ನ ಎರಡನೇ ಅವ್ವ, ಅಂತ ಅವ್ವನನ್ನು ನಗಿಸುತ್ತಿದ್ದವ, ಒಮ್ಮೆ ಅಣ್ಣನ ಅಂಗಿಯ ಗುಂಡಿ ಹೊಲಿಯುತ್ತಿದ್ದ, ಅಂಗಿ ಅಣ್ಣನ ಮೈಮೇಲೇ ಇತ್ತು, ಹೊಲಿದಾದ ಮೇಲೆ ಬಗ್ಗಿ ನೂಲನ್ನು ಹಲ್ಲಿನಿಂದ ಕಡಿದ, ಕಡಿದ ಮೇಲೂ ತಲೆ ಎತ್ತಲಿಲ್ಲ, ಅಲ್ಲೇ, ಎದೆಯ ಹತ್ತಿರ, ಅಣ್ಣನ ಕೈ ಅವನ ಕೂದಲಲ್ಲಿ, ನಾನು ಬಾಗಿಲಲ್ಲಿ ಚಹಾ ಹಿಡಿದು ನಿಂತವಳು ಸದ್ದಿಲ್ಲದೆ ಅಡುಗೆಮನೆಗೆ ತಿರುಗಿದ್ದೆ, ಅವತ್ತು ನನಗೆ ಗೊತ್ತಾಯಿತು, ಗೊತ್ತಾದದ್ದನ್ನು ಚಹಾದ ಜೊತೆ ಇನ್ನೊಮ್ಮೆ ಕುದಿಸಿದೆ ಅಷ್ಟೇ.

ಯಾಕೋ ಸಂಜ್ಯಾ, ಮಾರಿ ಹಿಂಗ್ಯಾಕ ಮಾಡ್ಕೊಂಡಿ, ಮದುವಿ ನಿಂದೋ ನಮ್ಮದೋ, ಅನ್ನುತ್ತಾಳೆ ಕಲ್ಲವ್ವತ್ತಿ, ಹೆಂಗಸರೆಲ್ಲ ನಗುತ್ತಾರೆ, ಅಣ್ಣನೂ ತುಟಿ ಅಗಲಿಸುತ್ತಾನೆ, ಕೊರಳ ಮೂಳೆ ಎಷ್ಟು ಎದ್ದು ಕಾಣುತ್ತಿದೆ, ಅರಿಶಿಣ ಅದರ ಕೆಳಗಿನ ತಗ್ಗಿನಲ್ಲಿ ನಿಂತಿದೆ — ಟಾಕಿಯ ಹಿಂದೆ ಅವನಂದದ್ದು, ಫ್ಯಾಕ್ಟರಿ ಗ್ವಾಡಿ ಮ್ಯಾಲೆ ಏಡ್ಸಿನ ಚಿತ್ರ ಬರದಿದ್ರು ರೇಣು, ರಾಂಜಣಗಾಂವದಾಗ, ಒಂದು ಲಾರಿ, ಮೀಸಿ ಡ್ರೈವರ್, ಕೆಂಪು ಸೀರಿ ಹೆಂಗಸು, ನಡುವ ತಲಿಬುರುಡಿ, ದಿನಾ ಅದರ ಮುಂದ ಹಾದು ಹೋಗ್ತಿದ್ದೆ, ಇದು ನನಗಲ್ಲ ಬಿಡು ಅಂತ, ತಪಾಸಣಿ ಕ್ಯಾಂಪಿನ ಡಾಕ್ಟರ್ ಬುಧವಾರ ಪೇಟೇಲಾ ಜಾತೋಸ್ ಕಾ ಅಂತ ಕೇಳಿದ್ರು, ಸೂಳೆಗೇರಿಗೆ ನಾ ಯಾಕ ಹೋಗ್ಲಿ, ನಾಹೀ ಅಂದೆ, ಶಾಣ್ಯಾ ಇದ್ದಿ ಅಂತ ಬೆನ್ನು ತಟ್ಟಿ ಮುಂದಿನವನ್ನ ಕರದ್ರು, ಗಂಡಸರ ಸಂಗ ಅಂತ ಒಬ್ಬರೂ ಕೇಳಲಿಲ್ಲ, ನಿರೋಧ ನಮಗ್ಯಾಕೋ, ನೀ ಏನ್ ಬಸುರಾಗ್ತಿ, ಅಂತ ಬಾಬು ನಗ್ತಿದ್ದ — ಅಂತ ಹೇಳಿ ಅಣ್ಣನೂ ನಕ್ಕ, ನಗುತ್ತಲೇ ಗಚ್ಚಿಯ ಕಟ್ಟೆ ಹಿಡಿದು ಕೂತ. ಅವ್ವಗ ಹೇಳೀನಿ, ಮದುವಿ ಬ್ಯಾಡ ಅಂತ ಕಾಲು ಹಿಡಿದೀನಿ, ಅಂದ. ಅವ್ವ ಏನೆಂದಳು ಅಂತ ನಾನು ಕೇಳಬೇಕಾಗಲಿಲ್ಲ, ಕೆಳಗಿಳಿದಾಗ ಅಡುಗೆಮನೆಯಲ್ಲಿ ನನಗೂ ಅದನ್ನೇ ಹೇಳಿದಳು, ಹೆಂಗಸರ ಕಡೆ ಕಣ್ಣೆತ್ತಿ ನೋಡದ ಹುಡುಗಗ ಆ ರೋಗ ಹೆಂಗ ಬರ್ತದ, ಲ್ಯಾಬಿನವರು ಸೀಸೆ ಅದಲಿ ಬದಲಿ ಮಾಡ್ಯಾರ, ಮದುವಿ ಅಂದ್ರ ಹೆದರಿ ನೆಪ ತಗದಾನ ನಿಮ್ಮಣ್ಣ — ಆ ಗೋಡೆಯ ಚಿತ್ರವನ್ನು ಅವ್ವ ಕಂಡೇ ಇಲ್ಲ, ಆದರೂ ಅದರಲ್ಲಿದ್ದದ್ದನ್ನೇ ಹೇಳುತ್ತಾಳೆ. ಬಾಬುನ ಹೆಸರು ಹೇಳಿದ್ರ ನಂಬ್ತಾಳ ರೇಣು, ಅಂದಿದ್ದ ಅಣ್ಣ, ಅದೊಂದು ನನ್ನ ಬಾಯಿಂದ ಬರಂಗಿಲ್ಲ, ಸತ್ತಾನ ಅವ, ಅವನ ಹೆಸರು ಎಲ್ಲಾರೂ ಉಗುಳ್ತಾರ, ನೀನ ಹೇಳು, ಸುರಗಿ ಆಗೋದ್ರೊಳಗ. ನಾನು. ಭಾಜಿವಾಲಿಯ ಹತ್ತಿರ ಚಿಲ್ಲರೆ ಕೇಳಲೂ ಬೆವರುವ ನಾನು. ಶೈಲಶ್ರೀಯಾದರೂ ನಿನ್ನೆ ರಾತ್ರಿ ನನಗೇ ಫೋನ್ ಮಾಡಿದಳಲ್ಲ, ಎಸ್‌ಟಿಡಿ ಬೂತಿನಿಂದ, ರೇಣಕ್ಕಾರ, ನಂಗ ಮರಾಠಿ ಒಂದಕ್ಷರ ಬರಂಗಿಲ್ರಿ, ಪುಣೆದಾಗ ಸಂತಿ ಹೆಂಗ ಮಾಡ್ಲಿ, ನಗಬ್ಯಾಡ್ರಿ ಮತ್ತ, ನಾನು ಕಲಿಸಿದೆ, ಕೇವಢ್ಯಾಲಾ ದಿಲೀ, ಎಷ್ಟಕ್ಕೆ ಕೊಟ್ಟೆ ಅಂತ ಅರ್ಥ, ಅವಳು ಕೇವಢ್ಯಾಲಾ, ಕೇವಢ್ಯಾಲಾ ಅಂತ ಉರುಹೊಡೆದು ಕಿಸಕ್ಕನೆ ನಕ್ಕಳು, ಆಗಲೇ ಹೇಳಬಹುದಿತ್ತು, ಆ ನಗುವಿನ ನಡುವೆ ತೂರಿಸಲು ಜಾಗವಿತ್ತು, ಫೋನ್ ಇಡಲಾ ಶೈಲಶ್ರೀ, ಅಂದೆ, ಇಟ್ಟೆ.

ನೂಲು ಮತ್ತೆ ಬಂತು, ಕೊನೆಯ ಸುತ್ತು, ಅತ್ತಿ, ಅಣ್ಣಗ ಆರಾಮಿಲ್ಲ — ಅಂದೆನಾ, ಅಂದೆ, ನನ್ನದೇ ದನಿ, ಮದುವಿ ಮುಂದ ಯಾರಿಗೆ ಆರಾಮಿರ್ತದವಾ, ನಾಳಿ ಆಕಿ ಬಂದು ಆರಾಮ ಮಾಡ್ತಾಳ ತಗೋ, ಕಲ್ಲವ್ವತ್ತಿಯ ಬಳೆಗಳೂ ನಗುತ್ತಿವೆ, ಇಲ್ಲ ಅತ್ತಿ, ಬಾಬು — ಬಾ ಅಂತ ಬಾಯಿ ತೆರೆದದ್ದೇ ತಡ ಹಿಂದೆ ನಿಂತಿದ್ದ ಅವ್ವ ನನ್ನ ನೆತ್ತಿಯ ಮೇಲೆ ನೀರು ಸುರಿದಳು, ಬಾಯಿ ತುಂಬ ಅರಿಶಿಣ, ಕಣ್ಣು ತುಂಬ ಅರಿಶಿಣ, ಏನೂ ಕಾಣದೆ ಕೈ ಚಾಚಿದೆ, ಉಗುರಿಗೆ ನೂಲು ಸಿಕ್ಕಿತು, ಎಳೆದೆ, ಹರಿಯಿತು. ಅಯ್ಯ ಶಿವನ, ಅಂದರು ಯಾರೋ. ಮುತ್ತೈದೆಯರ ಹಾಡು ನಿಂತಿತು, ಬಸ್ಸಿನ ಹಾರ್ನೂ ನಿಂತಿತು, ಅಣ್ಣ ಮೊದಲ ಸಲ ನನ್ನ ಕಡೆ ತಿರುಗಿದ, ಈಗ, ಈಗ ಹೇಳು, ಅವ್ವ ಕುಕ್ಕರಗಾಲಲ್ಲಿ ಕೂತಳು, ನನ್ನ ಮುಖ ನೋಡಲಿಲ್ಲ, ಹರಿದ ತುದಿಗಳನ್ನು ಹುಡುಕಿ ಹಿಡಿದಳು, ಹರಿದಿಲ್ರವಾ, ಸಡಲಾಗಿತ್ತಷ್ಟ, ಸುತ್ರಿ, ಗಂಟು ಹಾಕಿದಳು, ಬಗ್ಗಿ ಉಳಿದ ಎಳೆಯನ್ನು ಹಲ್ಲಿನಿಂದ ಕಡಿದಳು, ಅಣ್ಣ ಕಣ್ಣು ಮುಚ್ಚಿಕೊಂಡ, ಹಾಡು ಮತ್ತೆ ಶುರುವಾಯಿತು, ನನ್ನ ಮೊಣಕಾಲ ಮುಂದೆ ಆ ಗಂಟು, ಜೋಳದ ಕಾಳಿನಷ್ಟು, ಹಳದಿ, ಒದ್ದೆ, ಅದರಿಂದ ಒಂದು ಹನಿ ಇಳಿಯಿತು, ಗಂಟು, ಇನ್ನೊಂದು ಹನಿ, ಗಂಟು