ನಾಲ್ಕು ಇಂಚು ಕಡಿಮೆ ಹೊಲಿದ ಅಂಗಿ

ಮೂರು ವಾರದಿಂದ ನನ್ನ ಮಗಳು ಆಸ್ಪತ್ರೆಯ ಕಡೆ ತಲೆಹಾಕಿರಲಿಲ್ಲ. ಹದಿಮೂರು ವರ್ಷದ ಹುಡುಗಿ, ತೂಕ ಜಾಸ್ತಿ. ರಕ್ತದಲ್ಲಿ ಸಕ್ಕರೆ ಈಗಲೇ ಏರುತ್ತಿದೆ, ಚಿಕಿತ್ಸೆ ಬಿಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಹೊರಡು ಎಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನಾನು ಟೈಲರ್. ಅವಳಿಗೆ ಹುಮ್ಮಸ್ಸು ಬರಲಿ ಎಂದು ಚೆಂದದ ಹಸಿರು ಅಂಗಿ ಹೊಲಿದು, ಬೇಕೆಂದೇ ಸೊಂಟ ನಾಲ್ಕು ಇಂಚು ಕಡಿಮೆ ಇಟ್ಟು, ಅಂಗಡಿಯ ಗೋಡೆಗೆ ನೇತುಹಾಕಿದ್ದೆ. "ತೂಕ ಇಳಿದ ದಿನ ಹಾಕ್ಕೋ" ಅಂದಿದ್ದೆ. ಪ್ರತಿ ಭಾನುವಾರ ಗಿರಾಕಿಗಳ ಎದುರಿಗೇ ಟೇಪು ಹಿಡಿದು ಅವಳನ್ನು ಅಳೆಯುತ್ತಿದ್ದೆ. ಎಂಥಾ ಬುದ್ಧಿವಂತೆ ನಾನು!

ಒಂದು ದಿನ ಆಸ್ಪತ್ರೆಯ ನರ್ಸಮ್ಮ ತಮ್ಮ ಬಿಳಿ ಕೋಟು ಹಿಡಿದು ಬಂದರು.

"ಅಕ್ಕಾ, ಬಿಗಿ ಆಗ್ತಿದೆ. ಸ್ವಲ್ಪ ಬಿಡಿಸಿಕೊಡಿ."

ಹೊಲಿಗೆ ಬಿಚ್ಚಿ, ಒಂದಿಂಚು ಬಿಟ್ಟು ಹೊಲಿದುಕೊಟ್ಟೆ.

"ಮಗಳು ಯಾಕೆ ಬರ್ತಿಲ್ಲ?"

ಗೋಡೆಯ ಅಂಗಿ ತೋರಿಸಿ, ಅದರ ಕಥೆಯೆಲ್ಲಾ ಹೇಳಿದೆ. "ಏನು ಮಾಡಿದ್ರೂ ಅಷ್ಟೇ ನರ್ಸಮ್ಮ. ಶುದ್ಧ ಸೋಂಬೇರಿ. ಅವಮಾನ ಆದ್ರೆ ತಾನೇ ಇಳಿಸ್ತಾಳೆ."

"ನಾನು ದಪ್ಪ ಆಗಿದ್ದೀನಿ ಅಂತ ನನಗೊಂದು ಮಾತು ಅಂದ್ರಾ ನೀವು?"

"ಅಯ್ಯೋ, ಗಿರಾಕಿಗೆ ಹಾಗೆಲ್ಲಾ ಅನ್ನೋದುಂಟಾ?"

"ಮಗಳಿಗೆ ಮಾತ್ರ ಅನ್ನಬಹುದಾ?"

ನರ್ಸಮ್ಮ ಕೋಟು ಮಡಿಚಿಕೊಳ್ಳುತ್ತಾ ಮುಂದುವರಿಸಿದರು.

"ಇದು ಸೋಂಬೇರಿತನ ಅಲ್ಲ ಅಕ್ಕಾ, ಆರೋಗ್ಯದ ತೊಂದರೆ. ತೂಕ ಇಷ್ಟೇ ಇಳೀಬೇಕು ಅನ್ನೋದು ಅವಳ ಕೈಲಿಲ್ಲ. ನಡೆಯೋದು, ಸಿಹಿ ಜ್ಯೂಸು ಬಿಡೋದು ಕೈಲಿದೆ. ಮೊದಲು ಯಾವುದು ಅಂತ ಅವಳೇ ಆರಿಸಲಿ. ಮನೆಮಂದಿಯೆಲ್ಲಾ ಜೊತೆಗೆ ಮಾಡಿ. ಮಾಡಿದ್ದಕ್ಕೆ ಶಭಾಷ್ ಅನ್ನಿ. ಅಳತೆ ನಮಗೆ ಬಿಡಿ."

ಆ ಮಧ್ಯಾಹ್ನವೇ ಅಂಗಿಯನ್ನು ಗೋಡೆಯಿಂದ ಇಳಿಸಿದೆ. ಎರಡೂ ಪಕ್ಕೆ ಬಿಚ್ಚಿ, ಅದೇ ಬಟ್ಟೆಯ ಪಟ್ಟಿ ಸೇರಿಸಿ ಹೊಲಿದೆ. ಟೇಪು ಮುಟ್ಟಲಿಲ್ಲ. ಅವಳ ಅಳತೆ ನನಗೆ ಬಾಯಿಪಾಠ.

"ಹಾಕ್ಕೋ ಪುಟ್ಟಿ. ತಪ್ಪು ನನ್ನದು."

"ನಾನು ಇಳಿದೇ ಇಲ್ವಲ್ಲಮ್ಮ?"

"ಇವತ್ತು ಹೇಗಿದ್ದೀಯೋ ಹಾಗೇ ನೀನು ನನ್ನ ಮಗಳು."

ಅತ್ತಳು. ನಾನೂ ಅತ್ತೆ. ಆಮೇಲೆ, ಮೊದಲು ಏನು ಮಾಡೋಣ ಎಂದು ಕೇಳಿದೆ.

"ಸಂಜೆ ನಡೆಯೋಣ. ನೀನೂ ಬರಬೇಕು" ಅಂದಳು.

ಮೂರನೇ ಬೀದಿಯಲ್ಲೇ ಏದುಸಿರು ಬಿಟ್ಟವಳು ನಾನು! "ಬಾರಮ್ಮ, ಇನ್ನೊಂದೇ ತಿರುವು" ಎಂದು ಅವಳೇ ಕೈಹಿಡಿದು ಎಳೆದಳು. ಗುರುವಾರ ಚಿಕಿತ್ಸೆಯ ದಿನ. ಹಸಿರು ಅಂಗಿ ತೊಟ್ಟು, ನಾನು ಹೇಳುವ ಮೊದಲೇ ಆಸ್ಪತ್ರೆಗೆ ಹೊರಟು ನಿಂತಿದ್ದಳು.

ನಿಮ್ಮ ಮನೆಯಲ್ಲೂ ಇಂಥ ಚಿಕಿತ್ಸೆಯಲ್ಲಿರುವ ಮಗು ಇದೆಯೇ? ಹಂಗಿಸಬೇಡಿ, ಬೇರೆಯವರ ಜೊತೆ ಹೋಲಿಸಬೇಡಿ. ಚಿಕಿತ್ಸೆ ತಪ್ಪಿಸದೆ, ನೀವೂ ಜೊತೆಗೆ ಹೆಜ್ಜೆ ಹಾಕಿ. ಹೊಸ ಬಟ್ಟೆ ಕೊಡುವುದಿದ್ದರೆ ಇವತ್ತೇ ಕೊಡಿ, ಇವತ್ತಿನ ಅಳತೆಗೇ ಕೊಡಿ.