ದಾರಿಗೆ ಅಡ್ಡ ಕಟ್ಟಿದ ಪಾವು

ಗಂಜಿ ಹಚ್ಚುವ ಕುಂಚ ಕೈಯಲ್ಲೇ ಇತ್ತು, ಕಣ್ಣು ಮಾತ್ರ ಗುಡಿಯ ಬಾವಿಯ ಕಡೆ. ನೀರು ತರಲು ಹೋದ ಗಂಡ ಇನ್ನೂ ಬರಲಿಲ್ಲವಲ್ಲ ಎಂದು ನಾಚಿಯಮ್ಮ ನಿಂತಲ್ಲೇ ಕತ್ತು ಉದ್ದ ಮಾಡಿದಳು. ಮೊದಲನೇ ಕೊಡ ತಂದುಕೊಟ್ಟು, "ಇದು ಸಾಲದು ಕಣೇ, ಇನ್ನೊಂದು ತರ್ತೀನಿ" ಎಂದು ಹೋದವನು ಅಂಗಪ್ಪನ್. ಅಷ್ಟು ಹೊತ್ತಿಗೆ ನಿಧಾನವಾಗಿ ಎಲೆ ಅಡಿಕೆ ಹಾಕಿಕೊಂಡು, ಉಗಿದು, ಎರಡು ಮಾತಾಡಿಕೊಂಡು ಬರಬಹುದಿತ್ತು. ಆದರೆ ವ್ರತದ ದಿನ ಅವನು ಎಲೆ ಅಡಿಕೆ ಮುಟ್ಟುವವನೂ ಅಲ್ಲ, ಹರಟುವವನೂ ಅಲ್ಲ.

ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ರಸ್ತೆಯ ಪಕ್ಕದ ನೇಕಾರರ ಕೇರಿ ಅದು. ನೀಲಗಿರಿಯ ಪೈಕಾರಾದಿಂದ ಕರೆಂಟು ಬಂದು ಸುತ್ತಮುತ್ತ ಗಿರಣಿಗಳು ಒಂದರ ಹಿಂದೊಂದು ಎದ್ದ ಕಾಲ. ಕೇರಿಯವರು ಬೀದಿಗಿಳಿದರೆ ತಮಿಳು, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಕನ್ನಡ ಓದಬಲ್ಲವರನ್ನು ದೀಪ ಹಿಡಿದು ಹುಡುಕಬೇಕು, ಆದರೂ ಚೌಡಮ್ಮನ ಮುಂದೆ ನಿಂತರೆ ಎಲ್ಲರೂ ಬೇಡಿಕೊಳ್ಳುವುದು ಕನ್ನಡದಲ್ಲೇ. ವರ್ಷಕ್ಕೊಂದು ಮನೆಯವರು ಆ ತಾಯಿಗೆ ಸೀರೆ ನೇಯ್ದು ಉಡಿಸಬೇಕು. ಈ ವರ್ಷದ ಸರದಿ ಅಂಗಪ್ಪನ್‌ನದು. ಮದುವೆಯಾಗಿ ಎಷ್ಟೋ ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ನಮ್ಮ ಕೈಯ ಸೀರೆ ಆ ತಾಯಿ ಉಟ್ಟಳೆಂದರೆ ಕಣ್ಣು ಬಿಟ್ಟೇ ಬಿಡುತ್ತಾಳೆ ಎಂದು ಗಂಡ ಹೆಂಡತಿ ಇಬ್ಬರೂ ಈ ಸರದಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದರು.

ಸೀರೆಯ ಉದ್ದದ ಎಳೆಗಳನ್ನೆಲ್ಲ ಎರಡು ಗೂಟಗಳ ನಡುವೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಿ, ಆಮೇಲೆ ಮಗ್ಗಕ್ಕೆ ಏರಿಸುವುದು. ಅದಕ್ಕೆ ಪಾವು ಎನ್ನುತ್ತಾರೆ. ದೇವಿಯ ಪಾವನ್ನು ಗುಡಿಯ ಮುಂದಿನ ಬಯಲಿನಲ್ಲಿ, ಬಂಡಿ ದಾರಿಗೆ ಅಡ್ಡವಾಗಿ, ಈ ಬದಿಯ ಬೇವಿನ ಮರದಿಂದ ಆ ಬದಿಯ ಕಲ್ಲುಗಂಬದವರೆಗೆ ಕಟ್ಟಬೇಕು. ಅದು ಒಣಗುವವರೆಗೆ ಬಂಡಿ ಓಡಾಡುವಂತಿಲ್ಲ. ಅದು ನೆಲಕ್ಕೆ ತಾಗುವಂತಿಲ್ಲ. ಕುಯ್ಯುವುದಂತೂ ಕನಸಿನಲ್ಲೂ ಆಗದ ಮಾತು. ಗಂಜಿಗೆ ಗುಡಿಯ ಬಾವಿಯ ನೀರೇ ಬೇಕು, ಅದನ್ನೂ ಹಗ್ಗ ಬಿಟ್ಟು ಸೇದುವಂತಿಲ್ಲ, ಗೋಡೆಯ ಚಾಚುಕಲ್ಲುಗಳ ಮೇಲೆ ಇಳಿದು ಕೈಯಾರೆ ಕೊಡ ಮುಳುಗಿಸಿ ತರಬೇಕು. ವರ್ಷವೆಲ್ಲ ಆ ಬಾವಿಯ ಬಾಯಿಗೆ ಹಲಗೆ ಮುಚ್ಚಿ ಮೇಲೆ ಕಲ್ಲು ಹೇರಿರುತ್ತಾರೆ. ತೆಗೆಯುವುದು ಇದೊಂದೇ ದಿನ. ಅಲ್ಲ ಸ್ವಾಮಿ, ವರ್ಷವಿಡೀ ಬಾಯಿ ಮುಚ್ಚಿಟ್ಟ ಬಾವಿಯೊಳಗೆ ಎಂಥ ಗಾಳಿ ಕೂತಿದ್ದೀತು ಎಂದು ಒಬ್ಬರಾದರೂ ಯೋಚಿಸಬೇಡವೇ? ಯೋಚಿಸಿರಲಿಲ್ಲ. ಬೇರೆ ವರ್ಷ ನೀರು ಮೇಲೇ ಸಿಗುತ್ತಿತ್ತು, ನಡೆದುಹೋಗುತ್ತಿತ್ತು. ಈ ವರ್ಷ ಮಳೆ ಕೈಕೊಟ್ಟು ನೀರು ಪಾತಾಳ ಸೇರಿತ್ತು.

"ನಾಚಿ! ಓ ನಾಚಿ! ಬಾ ಇಲ್ಲಿ!"

ಕೂಗಿದ್ದು ಪಕ್ಕದ ಮನೆಯ ಮಾರಪ್ಪನ್. ನಾಚಿಯಮ್ಮನ ಕೈಯ ಕುಂಚ ಎಲ್ಲಿ ಬಿತ್ತೋ, ಓಡಿದಳು.

ಬಾವಿಯೊಳಗೆ ಬಗ್ಗಿ ನೋಡಿದರೆ ಕತ್ತಲು. ಕಣ್ಣು ಹೊಂದಿದ ಮೇಲೆ, ತೀರ ಕೆಳಗೆ, ನೀರಿನಿಂದ ಸ್ವಲ್ಪ ಮೇಲಿನ ಅಗಲವಾದ ಕಲ್ಲಿನ ಮೇಲೆ ಅಂಗಪ್ಪನ್ ಮಡಚಿಕೊಂಡು ಬಿದ್ದಿರುವುದು ಕಾಣಿಸಿತು.

"ರೀ! ರೀ, ಏನಾಯ್ತು?"

"ತಲೆ... ತಿರುಗ್ತದೆ" ಎಂಬ ದನಿ ಕೆಳಗಿನಿಂದ ಬಂತು. "ಕಾಲು ಬರ್ತಿಲ್ಲ."

ಮಾರಪ್ಪನ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಅರ್ಧ ದಾರಿ ಹೋಗುವಷ್ಟರಲ್ಲಿ ಅವನ ಕೈ ಸಡಿಲವಾಯಿತು. ಮೇಲಿದ್ದವರು ಕೂಗಾಡಿಕೊಂಡು ಎಳೆದುಹಾಕಿದರೆ ಮುಖವೆಲ್ಲ ಬೂದಿ ಬಣ್ಣ, ನೆಲಕ್ಕೆ ಬಿದ್ದವನೇ ವಾಂತಿ ಮಾಡಿಕೊಂಡ. ಆಮೇಲೆ ಇಳಿಯುತ್ತೇನೆ ಎನ್ನುವ ಗಂಡಸು ಒಬ್ಬನೂ ಸಿಗಲಿಲ್ಲ. ಹಗ್ಗ ಬಿಟ್ಟರೆ ಅಂಗಪ್ಪನ್‌ಗೆ ಹಿಡಿಯುವ ತ್ರಾಣವಿಲ್ಲ. ನಾಚಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಇಳಿಯಲು ಹೋದಳು, ಹೆಂಗಸರು ಹಿಡಿದುಕೊಂಡರು.

"ಬೆಂಕಿ ಎಂಜಿನ್ ಕರೆಸೋಣ" ಎಂದವನು ಗಿರಣಿಯಲ್ಲಿ ಕೆಲಸ ಮಾಡುವ ತಿರುಮಲೈಸಾಮಿ.

ಕೇರಿಯ ಯಜಮಾನ ಲಿಂಗಸಾಮಿಗೆ ಅಂಥ ಹೊತ್ತಿನಲ್ಲೂ ರೇಗಿತು. "ನಿಂಗೇನು ತಲೆ ಕೆಟ್ಟಿದ್ಯಾ? ಬಾವೀಲಿ ಏನು ಬೆಂಕಿ ಹತ್ಕೊಂಡಿದ್ಯಾ?"

"ಯಜಮಾನ್ರೇ, ಹೋದ ತಿಂಗಳು ಪೋತ್ತನೂರಲ್ಲಿ ಬಾವಿಗೆ ಬಿದ್ದ ಎಮ್ಮೆ ಎತ್ತಿದ್ದು ಅವ್ರೇನೇ. ಎಮ್ಮೆಗೆ ಬಂದೋರು ಅಂಗಪ್ಪಣ್ಣಂಗೆ ಬರಲ್ವಾ? ಗಿರಣೀಲಿ ಟೆಲಿಫೋನ್ ಇದೆ, ಹೋಗ್ಬರ್ತೀನಿ" ಎಂದವನೇ ಓಟ ಕಿತ್ತ.

ಕಾಯುವ ಕಷ್ಟ ಕಾದವರಿಗೇ ಗೊತ್ತು. ನಾಚಿಯಮ್ಮ ಬಾವಿಯ ಕಟ್ಟೆಗೆ ಎದೆ ಒತ್ತಿಕೊಂಡು ಒಳಗೆ ಮಾತಾಡುತ್ತಲೇ ಇದ್ದಳು. ಏನು ಮಾತು? ತಲೆಬುಡವಿಲ್ಲದ ಮಾತು. ನಾಳೆ ಹುರುಳಿ ಬೇಯಿಸ್ತೀನಿ ಅಂದಳು. ಮಾಡು ಸೋರ್ತದೆ, ಹಂಚು ತಿರುಗಿಸಬೇಕು ಅಂದಳು. ಮೊದಮೊದಲು ಕೆಳಗಿನಿಂದ "ಹೂಂ" ಬರುತ್ತಿತ್ತು. ಬರಬರುತ್ತ ಆ ಹೂಂಗೂ ತಡವಾಗತೊಡಗಿತು. ಒಂದು ಸಲ ಬರಲೇ ಇಲ್ಲ. ಅವಳು ಅರಚಿಕೊಂಡಳು, ಆಮೇಲೆ ಬಂತು.

ಗಂಟೆ ಬಾರಿಸಿಕೊಂಡು ಕೆಂಪು ಎಂಜಿನ್ ಅಂತೂ ಬಂತು. ಬಂದು, ಬಯಲಿನ ಆಚೆ ಬದಿಯಲ್ಲಿ ಗಕ್ಕನೆ ನಿಂತಿತು. ಎದುರಿಗೆ ಪಾವು.

ಖಾಕಿ ತೊಟ್ಟ ಮೇಸ್ತ್ರಿ ಕೆಳಗಿಳಿದು, ಪಾವಿನ ಕೆಳಗೆ ನುಸುಳಿ ಬಾವಿಯ ಹತ್ತಿರ ಬಂದ. ತಮಿಳಿನವನು. ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟ. ಅರ್ಧಕ್ಕೆ ಹೋಗಿದ್ದೇ ತಡ, ಲಾಟೀನು ತಣ್ಣಗೆ ಆರಿಹೋಯಿತು.

"ಕೆಟ್ಟ ಗಾಳಿ" ಎಂದ. "ನಮಗೆ ಬೆಂಕಿಗಿಂತ ಬಾವಿಗಳ ಕಾಟವೇ ಜಾಸ್ತಿ ಆಗಿದೆ. ಮೇಲಿನಿಂದ ನೀರು ಜೋರಾಗಿ ಹೊಡೆದು ಆ ಗಾಳಿ ಕಲಕಬೇಕು. ದೀಪ ನಿಂತ ಮೇಲೆ ನಮ್ಮವನು ಇಳೀತಾನೆ. ಎಂಜಿನ್ ಹತ್ತಿರ ತರಬೇಕು, ಆ ನೂಲು ತೆಗೀರಿ."

"ಪೈಪು ಎಳ್ಕೊಂಡು ಬನ್ನಿ, ಎಂಜಿನ್ ಅಲ್ಲೇ ಇರ್ಲಿ" ಎಂದ ಯಜಮಾನ ತಮಿಳಿನಲ್ಲಿ.

"ಪೈಪು ಎಲ್ಲಿಂದ ತರಲಿ? ನಿನ್ನೆ ಹತ್ತಿ ಗೋದಾಮಿನ ಬೆಂಕಿಗೆ ಹೋಗಿ ಎಲ್ಲ ನೆನೆದು ಒಣಗ್ತಾ ಇವೆ. ಇರೋ ತುಂಡು ಇಷ್ಟು ದೂರ ಮುಟ್ಟಲ್ಲ. ಬೇರೆ ದಾರಿ ಇದ್ಯಾ?"

ಬೇರೆ ದಾರಿ ಎಲ್ಲಿಯದು! ಹಿಂದಿನ ಓಣಿಯಲ್ಲಿ ಎರಡು ಆಡು ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು.

"ಬಿಚ್ಚಿಬಿಡೋಣ" ಎಂದರು ಯಾರೋ. ನೆನೆದು ಬಿಗಿದ ಹಗ್ಗದ ಗಂಟು ಬಿಚ್ಚುವುದು ಸುಲಭವೇ? ಬಿಚ್ಚಿದರೂ ಪಾವು ನೆಲಕ್ಕೆ ಬೀಳುತ್ತದೆ, ಅದರ ಮೇಲೆ ಎಂಜಿನ್ನಿನ ಚಕ್ರ ಹತ್ತಬೇಕು. ದೇವಿಯ ಪಾವಿನ ಮೇಲೆ ಚಕ್ರ! ಗುಂಪಿನಲ್ಲಿದ್ದ ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು.

"ತಾಯಿಯನ್ನ ಹೂ ಕೇಳೋಣ" ಎಂದ ಯಜಮಾನ. ಬಿಳಿ ಹೂವು ಕೆಂಪು ಹೂವು ಬೇರೆ ಬೇರೆ ಎಲೆಯಲ್ಲಿ ಕಟ್ಟಿ ದೇವಿಯ ಮುಂದಿಟ್ಟು ಒಂದನ್ನು ಎತ್ತಿಸುವುದು. ಬಿಳಿ ಬಂದರೆ ಅಪ್ಪಣೆ. "ಪೂಜಾರಿ ಮಿಂದು ಬರ್ಲಿ. ಕೇಳ್ದೇ ಪಾವು ಕುಯ್ದ್ರೆ ಆ ಮನೇಲಿ ಯಾವತ್ತೂ ತೊಟ್ಟಿಲು ತೂಗಲ್ಲ. ನಿನ್ ಒಳ್ಳೇದಕ್ಕೇ ಹೇಳ್ತಿರೋದು ನಾಚಿ."

ಆ ಮಾತು ಅವಳಿಗೆ ಚುಚ್ಚಿತು. ಚುಚ್ಚದೆ ಇರುತ್ತದೆಯೇ? ಬಾವಿಗೆ ಬಗ್ಗಿ, "ರೀ, ಪಾವು ಕುಯ್ಯಬೇಕಂತೆ! ಎಂಜಿನ್ ಬರೋಕೆ ದಾರಿ ಇಲ್ವಂತೆ!" ಎಂದು ಕೂಗಿದಳು.

ಕೆಳಗಿನಿಂದ ಬಂತು, ಎಲ್ಲಿಂದಲೋ ಎಳೆದು ತಂದಂಥ ದನಿ. "ಬೇಡ... ತಾಯಿ ಪಾವು... ಮುಟ್ಬೇಡಿ."

ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಎಂಥ ಭಕ್ತಿ ಎಂದು ಒಬ್ಬರಿಬ್ಬರು ಕಣ್ಣೊರೆಸಿಕೊಂಡರು ಕೂಡ. "ಕೇಳಿದ್ಯಾ? ಅವನೇ ಹೇಳ್ತಿದಾನೆ" ಎಂದ ಯಜಮಾನ.

"ರೀ" ಎಂದಳು ನಾಚಿಯಮ್ಮ. ಹೂಂ ಬರಲಿಲ್ಲ. "ರೀ!" ಬರಲಿಲ್ಲ. ಮತ್ತೆ ಕರೆದಳು, ಮತ್ತೂ ಕರೆದಳು. ಬಾವಿಯೊಳಗಿನಿಂದ ಅವಳ ದನಿಯೇ ತಿರುಗಿ ಬಂತು.

ಅವಳು ಎದ್ದಳು. ಖಾಕಿಯವನೊಬ್ಬ ಸೊಂಟದ ಕೊಡಲಿ ತೆಗೆದು ಪಾವಿನ ಹತ್ತಿರ ಹೋಗಿ ನಿಂತಿದ್ದ, ಆದರೆ ಅವನಿಗೂ ಕೈ ಬಂದಿರಲಿಲ್ಲ. ಎಷ್ಟಾದರೂ ದೇವರ ವಿಷಯ.

"ಪೂಜಾರಿ ಬರ್ತಾನೆ ಇರು—" ಎಂದ ಯಜಮಾನ.

"ಪೂಜಾರಿ ಮಿಂದು, ಮೈ ಒರಸಿ, ಹೂ ಕಟ್ಟೋವರೆಗೆ ಅವ್ರ ಉಸಿರು ಕಾಯ್ತಾ ಕೂತಿರತ್ತಾ ಯಜಮಾನ್ರೇ? ನಿಮ್ಮನೆ ಗಂಡಸು ಒಳಗಿದ್ದಿದ್ರೆ ಹೂ ಕೇಳ್ತಿದ್ರಾ ನೀವು?"

ನೂಲು ಕತ್ತರಿಸುವ ಚೂರಿ ಗಂಜಿ ಪಾತ್ರೆಯ ಪಕ್ಕದಲ್ಲಿತ್ತು. ಎತ್ತಿಕೊಂಡಳು. ಗಂಡನೂ ತಾನೂ ರಾಟೆಯ ಮುಂದೆ ಕೂತು ಸುತ್ತಿದ ಎಳೆ, ತಾನೇ ಅರಿಸಿನ ಕುಂಕುಮದ ಬಣ್ಣ ಕಟ್ಟಿದ ಎಳೆ. "ತಾಯಿ, ಕೋಪ ಬಂದ್ರೆ ನನ್ನ ಮೇಲೆ ಬರ್ಲಿ. ಅವ್ರು ಬೇಡ ಅಂದಿದಾರೆ, ಅವ್ರನ್ನ ಬಿಟ್ಬಿಡು" ಎಂದು ಗಟ್ಟಿಯಾಗಿಯೇ ಹೇಳಿ, ದಾರಿಯ ನಟ್ಟನಡುವೆ ಚೂರಿ ಹಾಕಿದಳು. ಬಿಗಿದ ಎಳೆಗಳು ಚಟಚಟನೆ ಸಿಡಿದು ಅವಳ ಕೈಗೂ ಮುಖಕ್ಕೂ ಬಡಿದವು. ಕೊನೆಯ ಎಳೆಯವರೆಗೂ ಕುಯ್ದಳು. ಮಾರಪ್ಪನ್ ಎದ್ದು ಬಂದು ತುಂಡಾದ ಒಂದು ಭಾಗವನ್ನು ಬದಿಗೆಳೆದ, ಇನ್ನೊಂದನ್ನು ತಿರುಮಲೈಸಾಮಿ ಎಳೆದ.

ಎಂಜಿನ್ ಬಂತು. ನೀರು ಧೋ ಎಂದು ಬಾವಿಯೊಳಗೆ ಬಿತ್ತು. ಲಾಟೀನು ಬಿಟ್ಟರು, ಆರಿತು. ಮತ್ತೆ ನೀರು. ಮತ್ತೆ ಲಾಟೀನು. ಉರಿ ಸಣ್ಣದಾಯಿತು, ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ನಿಂತುಕೊಂಡಿತು. ಸಣಕಲು ಖಾಕಿಯವನೊಬ್ಬ ಹಗ್ಗ ಕಟ್ಟಿಕೊಂಡು ಇಳಿದ. ನಾಚಿಯಮ್ಮ ನೋಡಲಿಲ್ಲ. ಕಟ್ಟೆಗೆ ಬೆನ್ನು ಕೊಟ್ಟು ಕೂತು ಕಣ್ಣು ಮುಚ್ಚಿಕೊಂಡಿದ್ದಳು. ಹಗ್ಗ ಕಲ್ಲಿಗೆ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು.

"ಆತ್ತಾ, ತಾಯೀ, ಕಣ್ಣು ಬಿಡು" ಎಂದ ಮೇಸ್ತ್ರಿ. "ಉಸಿರು ಇದೆ."

ಅಂಗಪ್ಪನ್ ಒದ್ದೆ ಬಟ್ಟೆಯಂತೆ ಬಿದ್ದಿದ್ದ. ಬಹಳ ಹೊತ್ತಾದ ಮೇಲೆ ಕೆಮ್ಮಿದ, ಕಣ್ಣು ಬಿಟ್ಟ. ಮೊದಲು ಕಂಡದ್ದು ಬದಿಗೆ ರಾಶಿ ಹಾಕಿದ್ದ ಪಾವು. ಅದನ್ನು ನೋಡಿದವನೇ ಮುಖ ಆ ಕಡೆ ತಿರುಗಿಸಿಕೊಂಡ.

ದೇವಿಯ ಸೀರೆಯ ಸರದಿ ಸಂಜೆಗೇ ಬೇರೆ ಮನೆಗೆ ಹೋಯಿತು. ಅಂಗಪ್ಪನ್ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಗಂಜಿ ಕೊಟ್ಟರೆ ಕುಡಿದ, ಮಾತಿಲ್ಲ. ಬಾಯಿ ಬಿಟ್ಟು ಬೈದಿದ್ದರೆ ನಾಚಿಯಮ್ಮ ತಡೆದುಕೊಳ್ಳುತ್ತಿದ್ದಳು. ಈ ಮೌನ ಮಾತ್ರ ಅವಳಿಂದ ತಡೆಯಲಾಗಲಿಲ್ಲ. ಬೆಳಗ್ಗೆ ಎದ್ದವಳು ಪಾವಿನ ತುಂಡು ಎರಡನ್ನೂ ಅಂಗಳಕ್ಕೆ ತಂದು, ಎಳೆಗೆ ಎಳೆ ಕೂಡಿಸಿ ಹೊಸೆಯತೊಡಗಿದಳು. ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ ಎಂದು ಕೂತದ್ದು, ಅಷ್ಟೇ. ಈ ಕೆಲಸಕ್ಕೆ ಇಬ್ಬರು ಬೇಕು, ಒಬ್ಬರು ಎಳೆ ಆರಿಸಿ ಕೊಡಬೇಕು, ಇನ್ನೊಬ್ಬರು ಹೊಸೆಯಬೇಕು.

ಎದುರಿಗೆ ಯಾರೋ ಕೂತಂತಾಯಿತು. ಅಂಗಪ್ಪನ್ ಎಳೆಯೊಂದನ್ನು ಆರಿಸಿ ಮುಂದಕ್ಕೆ ಹಿಡಿದಿದ್ದ.

"ಹೊಸೆದ ಪಾವು ದೇವಿಗೆ ಆಗಲ್ಲ" ಎಂದ.

"ಗೊತ್ತು."

"ಹೆದರಿಕೆ ಆಗ್ಲಿಲ್ವಾ ನಿಂಗೆ?"

"ಆಯ್ತು. ಈಗ್ಲೂ ಆಗ್ತಿದೆ. ನೀವು ಹೂಂ ಅನ್ನೋದು ನಿಲ್ಲಿಸಿದ್ರಲ್ಲ, ಅವಾಗ ಅದಕ್ಕಿಂತ ಜಾಸ್ತಿ ಆಯ್ತು." ತಲೆ ಎತ್ತದೆ ಹೇಳಿದಳು. "ನೀವು ಬೇಡ ಅಂದಿದ್ರಿ. ನಾನು ಕೇಳ್ಲಿಲ್ಲ. ಬೈಯೋದಿದ್ರೆ ಬೈದ್ಬಿಡಿ."

ಅವನು ಇನ್ನೊಂದು ಎಳೆ ಕೊಟ್ಟ. ಕೊಟ್ಟ ಕೈ ಹಿಂದಕ್ಕೆ ಹೋಗಲಿಲ್ಲ.

"ನಾಚೀ, ಬಾಯಿ ಬೇಡ ಅಂತು ಕಣೇ. ಒಳಗೆ ಮಾತ್ರ, ಇವ್ಳು ನನ್ ಮಾತು ಕೇಳದೇ ಇರ್ಲಪ್ಪಾ ಅಂತ ತಾಯಿ ಹತ್ರ ಬೇಡ್ಕೋತಿದ್ದೆ. ಮಗೂ ಬೇಡ, ಸೀರೇನೂ ಬೇಡ, ಮೇಲಕ್ಕೆ ಎಳ್ಕೊಂಡ್ರೆ ಸಾಕು ಅಂತಿದ್ದೆ. ಊರೆಲ್ಲ ಮೇಲೆ ನಿಂತಿತ್ತಲ್ಲಾ, ಅದನ್ನ ಕೂಗಿ ಹೇಳೋಕೆ ನಾಚಿಕೆ ಆಯ್ತು."

ನಾಚಿಯಮ್ಮ ಅವನನ್ನೇ ನೋಡಿದಳು. ಅಳು ಬಂತೋ ಸಿಟ್ಟು ಬಂತೋ, ಎರಡೂ ಒಟ್ಟಿಗೇ ನುಗ್ಗಿ ಬಂದವು.

"ನಾಚಿಕೆಯಂತೆ ನಾಚಿಕೆ! ಸಾಯೋಕೆ ಇಲ್ದಿದ್ದ ನಾಚಿಕೆ ಕೂಗೋಕೆ ಬಂತಾ? ನೆನ್ನೆಯಿಂದ ಗೋಡೆ ನೋಡ್ಕೊಂಡು ಮಲಗಿದ್ದು ಇದಕ್ಕಾ? ನಾನಿಲ್ಲಿ ಪಾಪಿ ಥರ ಕೂತಿದೀನಿ!" ಎಂದು ಅವನ ಭುಜಕ್ಕೆ ಗುದ್ದಿದಳು. ಮತ್ತೊಂದು ಗುದ್ದಿದಳು. ಅವನು ಗುದ್ದಿಸಿಕೊಂಡು ಸುಮ್ಮನೆ ಕೂತ.

"ಇದನ್ನ ನೀನೇ ಉಟ್ಕೋ" ಎಂದ ಆಮೇಲೆ. "ನಾನೇ ನೇಯ್ತೀನಿ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಮುಂದಿನ ಎಳೆಗೆ ಕೈ ಚಾಚಿದಳು.